ಮಂಕಾದರೂ ಸಾವು, ಹೊಳೆದರೂ ಸಾವು

2019ರ ಡಿಸೆಂಬರಿನಲ್ಲಿ ಅಮೆರಿಕದ ವಿಲನೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಗೈನನ್ ಮತ್ತು ಸಂಗಡಿಗರು ಖಗೋಳ ವಿಜ್ಞಾನಿಗಳ ನಡುವೆ ಓಡಾಡುವ ತುರ್ತು ಟಿಪ್ಪಣಿಯೊಂದನ್ನು ಹೊರಡಿಸಿದರು. ಮಹಾವ್ಯಾಧ ಪುಂಜದ ಹೆಗಲಲ್ಲಿ ಕೆಂಪಗೆ ಕಾಣುವ ತಾರೆ, ತಮ್ಮ ಕಾಲು ಶತಮಾನದ ಅಳತೆಗಳಲ್ಲಿ ಎಂದೂ ಇಲ್ಲದಷ್ಟು ಮಂಕಾಗಿದೆ ಎಂಬುದು ಅದರ ಸಾರ. ಜಗತ್ತಿಗೆ ಅದು ಬೀಟಲ್‌ಜ್ಯೂಸ್; ನಮ್ಮ ಪಂಚಾಂಗಕ್ಕೆ ಆರಿದ್ರೆ, ಜೂನ್ ಕೊನೆಯ ಮಳೆಗೆ ಹೆಸರು ಕೊಟ್ಟ ನಕ್ಷತ್ರ. ಟಿಪ್ಪಣಿಯಲ್ಲಿ ಸ್ಫೋಟದ ಸುಳಿವು ಸಿಕ್ಕಿದೆ ಎಂದೇನೂ ಇರಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಸುದ್ದಿವಾಹಿನಿಗಳಿಂದ ವಾಟ್ಸ್ಆ್ಯಪ್ ಗುಂಪುಗಳವರೆಗೆ ಒಂದೇ ಮಾತು ಹಬ್ಬಿತು: ಆರಿದ್ರೆ ಸಾಯುತ್ತಿದೆ, ಇನ್ನೇನು ಸಿಡಿಯಲಿದೆ. ಅದರ ಬೆನ್ನಿಗೇ ಇನ್ನೂ ಜಾಣತನದ್ದೆಂದು ತೋರುವ ಮಾತು ಸೇರಿಕೊಂಡಿತು. ಬೆಳಕು ಇಲ್ಲಿಗೆ ಬರಲು ನೂರಾರು ವರ್ಷ ಬೇಕಲ್ಲ, ಹಾಗಾದರೆ ಅದು ಈಗಾಗಲೇ ಸಿಡಿದು ಹೋಗಿರಬಹುದು, ನಾವು ನೋಡುತ್ತಿರುವುದು ಸತ್ತ ನಕ್ಷತ್ರವನ್ನು!

ಈ ನಂಬಿಕೆಯನ್ನು ಬರೀ ಮೌಢ್ಯವೆಂದು ತಳ್ಳಿಹಾಕುವಂತಿಲ್ಲ, ಅದರ ಬಿಡಿ ಭಾಗಗಳಲ್ಲಿ ನಿಜ ಸಾಕಷ್ಟಿದೆ. ಆರಿದ್ರೆ ಕೆಂಪು ಮಹಾದೈತ್ಯ. ಅದರ ದ್ರವ್ಯರಾಶಿ ಸೂರ್ಯನ 16ರಿಂದ 19 ಪಟ್ಟು ಎಂದು ಅಂದಾಜು, ವಯಸ್ಸು ಒಂದು ಕೋಟಿ ವರ್ಷದ ಆಸುಪಾಸು. 460 ಕೋಟಿ ವರ್ಷದ ಸೂರ್ಯನ ಮುಂದೆ ಅದು ಕೂಸು. ಆದರೂ ಇಂಧನವನ್ನು ದುಂದು ಮಾಡಿ ಮುದಿಯಾಗಿದೆ. ಒಡಲಿನ ಹೈಡ್ರೋಜನ್ ಮುಗಿದು, ಮೈ ಉಬ್ಬಿ, ಕೆಂಪಾಗಿದೆ. ಸೂರ್ಯನ ಎಂಟು ಪಟ್ಟಿಗಿಂತ ಹೆಚ್ಚು ಭಾರದ ನಕ್ಷತ್ರಗಳ ಗರ್ಭ ಕೊನೆಗೆ ಕುಸಿಯುತ್ತದೆ, ಹೊರಮೈ ಸೂಪರ್‌ನೋವಾ ಆಗಿ ಸಿಡಿಯುತ್ತದೆ. ಆರಿದ್ರೆಗೂ ಕಾದಿರುವುದು ಅದೇ. 2019-20ರಲ್ಲಿ ಅದರ ಹೊಳಪು ನಿಜಕ್ಕೂ ಅಸಾಧಾರಣವಾಗಿ ಕುಗ್ಗಿತ್ತು. ಅದರ ಬೆಳಕು ನಮಗೆ ತಲುಪಲು ಐನೂರರಿಂದ ಏಳುನೂರು ವರ್ಷ ಹಿಡಿಯುವುದೂ ನಿಜ. ಗೊಂದಲವಿರುವುದು ಇವುಗಳನ್ನು ಒಂದಕ್ಕೊಂದು ಹೊಸೆದ ರೀತಿಯಲ್ಲಿ. ನಕ್ಷತ್ರದ ಮೇಲ್ಮೈಗೆ ಒಂದು ಕಾಲಮಾನವಿದೆ, ಅದರ ಗರ್ಭಕ್ಕೆ ಬೇರೆಯೇ ಇದೆ, ಬೆಳಕಿನ ಪಯಣಕ್ಕೆ ಮೂರನೆಯದು. ಈ ಮೂರನ್ನೂ ಒಂದೇ ಗಡಿಯಾರದಲ್ಲಿ ಓದಿದರೆ ಹುಟ್ಟುವುದೇ ‘ಇನ್ನೇನು ಸಿಡಿಯಲಿದೆ’ ಎಂಬ ತೀರ್ಮಾನ.

ಮೊದಲು ಒಂದು ಸರಳ ಪರೀಕ್ಷೆ. 2020ರ ಏಪ್ರಿಲ್ ವೇಳೆಗೆ ಆರಿದ್ರೆ ಮಾಮೂಲಿ ಹೊಳಪಿಗೆ ಮರಳಿತು. 2023ರ ವಸಂತದಲ್ಲಿ ಅದು ವಾಡಿಕೆಗಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಬೆಳಗಿತು. ಆಗಲೂ ಹೊರಟ ಸುದ್ದಿ ಅದೇ: ಸಿಡಿಯುವ ಹೊತ್ತು ಹತ್ತಿರವಾಯಿತು! ಮಂಕಾದರೂ ಸಾವಿನ ಸೂಚನೆ, ಹೊಳೆದರೂ ಸಾವಿನ ಸೂಚನೆ ಎನ್ನುವುದಾದರೆ ಅದು ಸೂಚನೆಯೇ ಅಲ್ಲ. ಏನೇ ಆದರೂ ಒಂದೇ ತೀರ್ಪು ಕೊಡುವವನಿಗೆ ಸಾಕ್ಷಿಗಳ ಅಗತ್ಯವೂ ಇರುವುದಿಲ್ಲ.

ಹೊಳಪು ಏರಿಳಿಯುವುದು ಕೆಂಪು ಮಹಾದೈತ್ಯಗಳ ಕಾಯಿಲೆಯಲ್ಲ, ಜಾಯಮಾನ. ಆರಿದ್ರೆಯ ಚಂಚಲತೆಯನ್ನು ಜಾನ್ ಹರ್ಷೆಲ್ 1836ರಲ್ಲೇ ಗುರುತಿಸಿದ್ದ. ಅಂದಿನಿಂದ ಹವ್ಯಾಸಿಗಳೂ ವೃತ್ತಿಪರರೂ ದಾಖಲಿಸುತ್ತ ಬಂದಿರುವ ಅಂದಾಜುಗಳಲ್ಲಿ ಎರಡು ಲಯಗಳು ಕಾಣುತ್ತವೆ: ಸುಮಾರು 400 ದಿನಗಳದ್ದೊಂದು, ಸುಮಾರು 2,100 ದಿನಗಳ, ಅಂದರೆ ಆರು ವರ್ಷಕ್ಕೆ ತುಸು ಕಡಿಮೆಯ, ಇನ್ನೊಂದು. ಎರಡೂ ಗಡಿಯಾರದಷ್ಟು ಕರಾರುವಾಕ್ಕಲ್ಲ, ಹಾಗಾಗಿಯೇ ಈ ಬಗೆಯ ತಾರೆಗಳನ್ನು ‘ಅರೆನಿಯತ’ ಚಂಚಲ ತಾರೆಗಳೆಂದು ವಿಂಗಡಿಸಿದ್ದಾರೆ. ಇಂಥ ಅಸ್ಥಿರತೆಗೆ ಕಾರಣ ಅದರ ಗಾತ್ರದಲ್ಲೇ ಇದೆ. ಆರಿದ್ರೆಯ ತ್ರಿಜ್ಯ ಸೂರ್ಯನದಕ್ಕಿಂತ ಸುಮಾರು 760 ಪಟ್ಟು. ಸೂರ್ಯನ ಜಾಗದಲ್ಲಿ ಕೂರಿಸಿದರೆ ಮಂಗಳನನ್ನು ನುಂಗಿ ಕ್ಷುದ್ರಗ್ರಹಗಳ ಪಟ್ಟಿಯನ್ನೂ ಆವರಿಸೀತು. ಅಷ್ಟು ದೊಡ್ಡ ಮೈಗೆ ಹಂಚಿಕೊಂಡಿರುವುದು ಹದಿನೇಳು ಸೂರ್ಯರ ದ್ರವ್ಯ ಮಾತ್ರ, ಆದ್ದರಿಂದ ಸರಾಸರಿ ಸಾಂದ್ರತೆ ನಾವು ಉಸಿರಾಡುವ ಗಾಳಿಗಿಂತ ಸಾವಿರಾರು ಪಟ್ಟು ಕಡಿಮೆ. ಮೇಲ್ಮೈಯಲ್ಲಿ ಗುರುತ್ವದ ಹಿಡಿತ ಬಹಳ ಸಡಿಲ. ಸೂರ್ಯನ ಮೇಲ್ಮೈಯಲ್ಲಿ ಬಿಸಿ ಅನಿಲ ಲಕ್ಷಾಂತರ ಸಣ್ಣ ಗುಳ್ಳೆಗಳಾಗಿ ಏಳುತ್ತದೆ. ಕೆಂಪು ಮಹಾದೈತ್ಯಗಳಲ್ಲಿ ಗುಳ್ಳೆಗಳು ಕೆಲವೇ ಇದ್ದು, ಒಂದೊಂದೂ ನಕ್ಷತ್ರದ ಮುಖದ ಬಹುಭಾಗ ವ್ಯಾಪಿಸುವಷ್ಟು ದೊಡ್ಡದಾಗಿರಬೇಕೆಂದು ಮಾರ್ಟಿನ್ ಶ್ವಾರ್ಟ್ಸ್‌ಶಿಲ್ಡ್ 1975ರಲ್ಲಿ ತರ್ಕಿಸಿದ್ದರು. ಸಾವಿರಾರು ಗುಳ್ಳೆಗಳಿದ್ದರೆ ಏರಿಳಿತಗಳು ಒಂದನ್ನೊಂದು ಸರಿದೂಗಿಸಿ ಒಟ್ಟು ಹೊಳಪು ಸ್ಥಿರವಾಗಿ ಉಳಿಯುತ್ತದೆ. ನಾಲ್ಕೈದೇ ಇದ್ದರೆ, ಒಂದು ಬಿಸಿಯಾಗಿ ಎದ್ದರೂ ತಣಿದು ಇಳಿದರೂ ಇಡೀ ನಕ್ಷತ್ರದ ಬಣ್ಣ, ಹೊಳಪು ಎರಡೂ ಬದಲಾಗುತ್ತವೆ.

2019-20ರ ಘಟನೆಗೆ ಈ ಹಿನ್ನೆಲೆ ಬೇಕು. ಸಾಮಾನ್ಯವಾಗಿ 0.5ರ ಸುತ್ತ ಇರುವ ಆರಿದ್ರೆಯ ಕಾಂತಿಮಾನ 2020ರ ಫೆಬ್ರವರಿಯಲ್ಲಿ 1.6ರವರೆಗೆ ಇಳಿಯಿತು. ಈ ಅಳತೆಯಲ್ಲಿ ಅಂಕಿ ಹೆಚ್ಚಿದಷ್ಟೂ ಹೊಳಪು ಕಡಿಮೆ. ಬೆಳಕಿನ ಲೆಕ್ಕದಲ್ಲಿ ಅದು ಮಾಮೂಲಿನ ಮೂರನೇ ಒಂದು ಭಾಗಕ್ಕೆ ಕುಗ್ಗಿದಂತಾಯಿತು. ಉಪಕರಣವೇ ಬೇಕಿರಲಿಲ್ಲ. ಮಹಾವ್ಯಾಧನ ಇನ್ನೊಂದು ಹೆಗಲಾದ ಬೆಲಾಟ್ರಿಕ್ಸ್ ಸಾಮಾನ್ಯವಾಗಿ ಅದಕ್ಕೆ ಸಾಟಿಯಲ್ಲ. ಆ ತಿಂಗಳು ಎರಡೂ ಹೆಗಲು ಹೆಚ್ಚುಕಡಿಮೆ ಸರಿಸಮವಾಗಿದ್ದುದನ್ನು ಆಕಾಶ ನೋಡುವ ರೂಢಿಯಿದ್ದ ಯಾರಾದರೂ ಬರಿಗಣ್ಣಿನಲ್ಲೇ ಹೇಳಬಹುದಿತ್ತು. ಚಿಲಿಯಲ್ಲಿರುವ ಯುರೋಪಿನ ವೆರಿ ಲಾರ್ಜ್ ಟೆಲಿಸ್ಕೋಪ್ ತೆಗೆದ ಚಿತ್ರಗಳಲ್ಲಿ ನಕ್ಷತ್ರದ ಮುಖ ಒಂದೇ ಸಮ ಮಂಕಾಗಿರಲಿಲ್ಲ, ದಕ್ಷಿಣದ ಅರ್ಧ ಮಾತ್ರ ಕಪ್ಪಿಟ್ಟಿತ್ತು. ಹಬಲ್ ದೂರದರ್ಶಕ ಅದಕ್ಕೂ ಕೆಲವು ತಿಂಗಳು ಮೊದಲು, ಅದೇ ದಿಕ್ಕಿನಲ್ಲಿ ದಟ್ಟವಾದ ಬಿಸಿ ಅನಿಲ ಹೊರಚಿಮ್ಮಿದ್ದನ್ನು ಅತಿನೇರಳೆ ಬೆಳಕಿನಲ್ಲಿ ಹಿಡಿದಿತ್ತು. ಹೀಗೆ ಕಳಚಿಕೊಂಡ ದ್ರವ್ಯ ಚಂದ್ರನ ದ್ರವ್ಯರಾಶಿಯ ಹಲವು ಪಟ್ಟು ಎಂಬ ಅಂದಾಜಿದೆ. ಅದು ದೂರ ಸರಿದು, ತಣಿದು, ದೂಳಾಗಿ, ನಮ್ಮ ದೃಷ್ಟಿಗೆ ಅಡ್ಡ ಬಂತು.

ಮೂರನೆಯ ಸಾಕ್ಷಿ ಬಂದ ದಾರಿ ಸ್ವಾರಸ್ಯಕರವಾಗಿದೆ. ಜಪಾನಿನ ಹಿಮಾವಾರಿ-8 ಹವಾಮಾನ ಉಪಗ್ರಹ. ಭೂಮಿಯ ಮೋಡಗಳನ್ನು ಹತ್ತು ನಿಮಿಷಕ್ಕೊಮ್ಮೆ ಚಿತ್ರಿಸುವುದು ಅದರ ಕಾಯಕವಾಗಿತ್ತು. ನಕ್ಷತ್ರಗಳ ಗೊಡವೆ ಅದಕ್ಕಿರಲಿಲ್ಲ. ಆದರೆ ಭೂಮಧ್ಯರೇಖೆಯ ಮೇಲೆ ನಿಂತ ಆ ಕ್ಯಾಮೆರಾದ ಚೌಕಟ್ಟಿನಲ್ಲಿ, ಭೂಗೋಳದ ಅಂಚಿನಾಚೆಯ ಕಪ್ಪು ಮೂಲೆಗಳಲ್ಲಿ, ಆಕಾಶದ ಮಧ್ಯರೇಖೆಗೆ ಹತ್ತಿರವಿರುವ ಆರಿದ್ರೆ ಆಗಾಗ ಇಣುಕುತ್ತಿತ್ತು. ಟೋಕಿಯೊ ವಿಶ್ವವಿದ್ಯಾಲಯದ ಯುವ ಸಂಶೋಧಕರು 2017ರಿಂದ 2021ರವರೆಗಿನ ಅಂಥ ಚಿತ್ರಗಳನ್ನೆಲ್ಲ ಹೆಕ್ಕಿ ತೆಗೆದರು. ನೆಲದ ದೂರದರ್ಶಕಗಳಿಗೆ ವಾತಾವರಣ ತಡೆಯುವ ಅವಕೆಂಪು ಬೆಳಕೂ ಆ ದಾಖಲೆಯಲ್ಲಿತ್ತು. 2022ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ, ನಕ್ಷತ್ರದ ಮೇಲ್ಮೈ ಸುಮಾರು 140 ಡಿಗ್ರಿ ತಣಿದಿತ್ತು, ಜೊತೆಗೆ ದೂಳೂ ಕವಿದಿತ್ತು. ಮಂಕಾಗುವುದಕ್ಕೆ ಇವೆರಡರ ಪಾಲೂ ಹೆಚ್ಚುಕಡಿಮೆ ಸಮ. ದೂಳೋ ತಣಿವೋ ಎಂದು ಎರಡು ವರ್ಷ ನಡೆದ ಜಗಳಕ್ಕೆ ಮಳೆ ಮುನ್ಸೂಚನೆಯ ಕ್ಯಾಮೆರಾ ರಾಜಿ ಮಾಡಿಸಿತು.

ಇಷ್ಟರಿಂದ ಏನು ಸಿದ್ಧವಾಗುತ್ತದೆ, ಏನು ಆಗುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು.

1. ಮಂಕಾಗಲು ಕಾರಣವಾದ ತಣಿವು, ಚಿಮ್ಮುವಿಕೆ, ದೂಳು ಮೂರೂ ಮೇಲ್ಮೈಯಲ್ಲಿ ಅಥವಾ ಅದರಾಚೆ ನಡೆದವು. ಇವನ್ನು ವಿವರಿಸಲು ಗರ್ಭದಲ್ಲಿ ಏನೋ ಬದಲಾಯಿತೆಂದು ಊಹಿಸುವ ಅಗತ್ಯ ಬೀಳಲಿಲ್ಲ.

2. ಮುಖದ ಒಂದೇ ಭಾಗ ಮಂಕಾಗಿತ್ತು. ಗರ್ಭದ ಶಕ್ತಿಯೇ ಕುಂದಿದ್ದರೆ ಒಂದು ಪಕ್ಕ ಮಾತ್ರ ಕಪ್ಪಾಗಲು ಕಾರಣ ಕಾಣದು.

3. ಕೆಲವೇ ತಿಂಗಳಲ್ಲಿ ಹೊಳಪು ಮರಳಿತು. ಗರ್ಭದ ಇಂಧನ ಮುಗಿದದ್ದಾದರೆ ಹಾಗೆ ಮರಳುವ ಪ್ರಶ್ನೆಯೇ ಇಲ್ಲ.

ಇಲ್ಲಿ ಗರ್ಭದ ಕಾಲಮಾನದ ಮಾತು ಬರುತ್ತದೆ. ಇಷ್ಟು ಭಾರದ ನಕ್ಷತ್ರ ಹೈಡ್ರೋಜನ್ ಉರಿಸುತ್ತ ಕಳೆಯುವುದು ಸುಮಾರು ಒಂದು ಕೋಟಿ ವರ್ಷ. ಹೀಲಿಯಂ ಉರಿಸುತ್ತ ಹತ್ತು ಲಕ್ಷದ ಆಸುಪಾಸು. ಆಮೇಲೆ ಇಳಿಜಾರು ಕಡಿದಾಗುತ್ತದೆ. ಇಂಗಾಲಕ್ಕೆ ಕೆಲವು ನೂರರಿಂದ ಸಾವಿರದಷ್ಟು ವರ್ಷ, ನಿಯಾನ್ ಮತ್ತು ಆಮ್ಲಜನಕಕ್ಕೆ ಒಂದೆರಡು ವರ್ಷಗಳ ಲೆಕ್ಕ, ಸಿಲಿಕಾನ್‌ಗೆ ಕೆಲವೇ ದಿನ. ಖಗೋಳ ವಿಜ್ಞಾನಿ ಮೆರಿಡಿತ್ ಜಾಯ್ಸ್ ಮತ್ತು ಸಂಗಡಿಗರು 2020ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ ಆರಿದ್ರೆ ಇನ್ನೂ ಹೀಲಿಯಂ ಹಂತದಲ್ಲಿದೆ, ಸ್ಫೋಟಕ್ಕೆ ಇನ್ನೂ ಒಂದು ಲಕ್ಷ ವರ್ಷದ ಮಟ್ಟಿನ ಅವಧಿ ಬಾಕಿಯಿದೆ. ಹಂತ ಯಾವುದೆಂದು ನೇರವಾಗಿ ಕಾಣಲಾರೆವೇ ಎಂದು ಯಾರಾದರೂ ಕೇಳಿಯಾರು. ಕಾಣಲಾಗದು. ಇಂಗಾಲ ಉರಿಯತೊಡಗಿದ ಮೇಲೆ ಗರ್ಭದ ಶಕ್ತಿಯ ಬಹುಪಾಲನ್ನು ನ್ಯೂಟ್ರಿನೊ ಎಂಬ ಕಣಗಳು ಹೊತ್ತೊಯ್ಯುತ್ತವೆ. ಅವು ಹೊರಪದರವನ್ನು ಮುಟ್ಟದೆ ನೇರ ಆಚೆ ಹೋಗುತ್ತವೆ. ಹೊರಪದರವಾದರೋ ಒಳಗಿನ ಶಾಖದ ಬದಲಾವಣೆಗೆ ಹೊಂದಿಕೊಳ್ಳಲು ದಶಕಗಳನ್ನೇ ತೆಗೆದುಕೊಳ್ಳುತ್ತದೆ. ಕೊನೆಯ ಹಂತಗಳು ಅದಕ್ಕಿಂತ ಎಷ್ಟೋ ಬೇಗ ಮುಗಿದುಹೋಗುತ್ತವೆ. ಮೇಲ್ಮೈಯ ಹೊಳಪು ನೋಡಿ ಆರಿದ್ರೆಯ ಆಯಸ್ಸು ಹೇಳುವುದು, ಪಾತ್ರೆಯಲ್ಲಿ ಉಕ್ಕುವ ಅನ್ನದ ನೊರೆ ನೋಡಿ ಸಿಲಿಂಡರಿನಲ್ಲಿ ಗ್ಯಾಸ್ ಎಷ್ಟು ಉಳಿದಿದೆ ಎಂದು ಹೇಳಿದ ಹಾಗೆ.

ಬೇರೆ ನಕ್ಷತ್ರಗಳ ಅನುಭವವೂ ಇದನ್ನೇ ಹೇಳುತ್ತದೆ. ಮಹಾಶ್ವಾನ ಪುಂಜದ ವಿವೈ ಎಂಬ ಕೆಂಪು ಮಹಾದೈತ್ಯ ಹತ್ತೊಂಬತ್ತನೆಯ ಶತಮಾನದಿಂದೀಚೆಗೆ ಹಲವು ಸಲ ಆಳವಾಗಿ ಮಂಕಾಗಿದೆ, ದೊಡ್ಡ ದೊಡ್ಡ ದೂಳಿನ ತುಣುಕುಗಳನ್ನು ಉಗುಳಿದೆ, ಇಂದಿಗೂ ಅಲ್ಲೇ ಇದೆ. ಸೀಫಿಯಸ್ ಪುಂಜದ ಆರ್‌ಡಬ್ಲ್ಯು ಎಂಬ ತಾರೆ 2022ರಲ್ಲಿ ಆರಿದ್ರೆಯ ಹಾಗೆಯೇ ಮಂಕಾಗಿ ಚೇತರಿಸಿಕೊಂಡಿತು. ಅದರ ಹೆಸರು ಪತ್ರಿಕೆಗಳಲ್ಲಿ ಅಷ್ಟಾಗಿ ಬರಲಿಲ್ಲ. ಬರಿಗಣ್ಣಿಗೆ ಸುಲಭವಾಗಿ ಕಾಣದ, ಕತೆಗಳಿಲ್ಲದ ನಕ್ಷತ್ರದ ‘ಸಾವು’ ಯಾರಿಗೆ ಬೇಕು?

ಇನ್ನು ‘ಈಗಾಗಲೇ ಸಿಡಿದಿರಬಹುದು’ ಎಂಬ ವಾದ. ತರ್ಕದಲ್ಲಿ ಇದು ತಪ್ಪಲ್ಲ, ಪೊಳ್ಳು. ಆರಿದ್ರೆ 550 ಜ್ಯೋತಿರ್ವರ್ಷ ದೂರದಲ್ಲಿದೆ ಎಂದಿಟ್ಟುಕೊಂಡರೆ, ‘ಅದು ಈಗಾಗಲೇ ಸಿಡಿದಿದೆ’ ಎನ್ನುವುದಕ್ಕೂ ‘ಮುಂದಿನ 550 ವರ್ಷಗಳೊಳಗೆ ಭೂಮಿಯಿಂದ ಆ ಸ್ಫೋಟ ಕಾಣುತ್ತದೆ’ ಎನ್ನುವುದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಎರಡೂ ಒಂದೇ ಹೇಳಿಕೆ. ಎರಡನೆಯ ರೂಪದಲ್ಲಿ ಹೇಳಿದರೆ ಯಾರಿಗೂ ರೋಮಾಂಚನವಾಗುವುದಿಲ್ಲ, ಮೊದಲನೆಯದಕ್ಕೆ ಆಗುತ್ತದೆ ಅಷ್ಟೇ. ಸಂಭವನೀಯತೆಯನ್ನೂ ಅಳೆಯಬಹುದು. ಮುಂದಿನ ಒಂದು ಲಕ್ಷ ವರ್ಷದಲ್ಲಿ ಯಾವ ಹೊತ್ತಿಗಾದರೂ ಸಿಡಿಯಬಹುದು, ಎಲ್ಲ ವರ್ಷಗಳಿಗೂ ಸಮಾನ ಅವಕಾಶ ಎಂದು ವಾದಕ್ಕೆ ಒಪ್ಪಿದರೂ, ಅದು ಆ 550 ವರ್ಷಗಳ ಕಿಂಡಿಯೊಳಗೇ ಬೀಳುವ ಸಾಧ್ಯತೆ ಸಾವಿರಕ್ಕೆ ಐದಾರು. ಅಂದರೆ ನೀವು ಇಂದು ರಾತ್ರಿ ನೋಡುವ ಆರಿದ್ರೆ ‘ಈಗಲೂ’ ಅಲ್ಲೇ ಇದೆ ಎಂದು ಸಾವಿರಕ್ಕೆ ಒಂಬೈನೂರ ತೊಂಬತ್ತನಾಲ್ಕರಷ್ಟು ನಂಬಿಕೆಯಿಂದ ಹೇಳಬಹುದು. ನಕ್ಷತ್ರಗಳ ಬೆಳಕು ಹಳೆಯದು ಎಂಬ ಸತ್ಯ, ನಕ್ಷತ್ರಗಳು ಸತ್ತಿವೆ ಎಂಬ ಕಲ್ಪನೆಗೆ ಜಾರಿಬಿಡುವುದು ನಕ್ಷತ್ರದ ಆಯಸ್ಸಿನ ಮುಂದೆ 550 ವರ್ಷ ಎಷ್ಟು ಚಿಕ್ಕದೆಂಬುದನ್ನು ಮರೆತಾಗ.

ಹಾಗಾದರೆ ಸಾಯುವ ಮುನ್ನ ನಕ್ಷತ್ರದ ಮೇಲ್ಮೈ ಏನೂ ಹೇಳುವುದೇ ಇಲ್ಲವೆ? ಈ ಆಕ್ಷೇಪಣೆಗೆ ತೂಕವಿದೆ. 2020ರಲ್ಲಿ ಸಿಡಿದ ‘2020ಟಿಎಲ್‌ಎಫ್’ ಎಂಬ ಸೂಪರ್‌ನೋವಾದ ಮೂಲತಾರೆ ಸ್ಫೋಟಕ್ಕೆ ಸುಮಾರು 130 ದಿನ ಮೊದಲಿನಿಂದ ಅಸಾಮಾನ್ಯವಾಗಿ ಬೆಳಗುತ್ತಿತ್ತು ಎಂಬುದಕ್ಕೆ ದಾಖಲೆಯಿದೆ. ಅದು ಕೆಂಪು ಮಹಾದೈತ್ಯವೇ. ಅಂದರೆ ಗರ್ಭದ ತಳಮಳ ಕೆಲವೊಮ್ಮೆಯಾದರೂ ಅಲೆಗಳಾಗಿ ಮೇಲೇರಿ ಹೊರಮೈಯನ್ನು ಕಲಕಬಲ್ಲದು. ಆದರೆ ಆ ಮುನ್ಸೂಚನೆ ಬೆಳಗುವಿಕೆಯಾಗಿತ್ತು, ಮಂಕಾಗುವಿಕೆಯಲ್ಲ. ಬಂದದ್ದೂ ಕೊನೆಯ ಕೆಲವು ತಿಂಗಳುಗಳಲ್ಲಿ. ಎಲ್ಲ ನಕ್ಷತ್ರಗಳೂ ಅಷ್ಟನ್ನೂ ಹೇಳಿ ಹೋಗುವುದಿಲ್ಲ. 2023ರ ಮೇ 19ರಂದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಎಂ101 ಗೆಲಾಕ್ಸಿಯಲ್ಲಿ ಪತ್ತೆ ಮಾಡಿದ ‘2023ಐಎಕ್ಸ್‌ಎಫ್’ ಸುಮಾರು ಎರಡು ಕೋಟಿ ಜ್ಯೋತಿರ್ವರ್ಷ ದೂರದ್ದು. ಇತ್ತೀಚಿನ ದಶಕಗಳಲ್ಲಿ ಇಷ್ಟು ಹತ್ತಿರದ ಸೂಪರ್‌ನೋವಾಗಳು ಬೆರಳೆಣಿಕೆಯಷ್ಟೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹಾನ್ಲೆಯ ಹಿಮಾಲಯನ್ ಚಂದ್ರ ದೂರದರ್ಶಕದಿಂದಲೂ ಅದನ್ನು ಬೆನ್ನತ್ತಿದರು. ಲಡಾಖಿನ ಆ ಯಂತ್ರಕ್ಕೆ ಅಪ್ಪಣೆ ಹೋಗುವುದು ನಮ್ಮ ಹೊಸಕೋಟೆಯ ಆವರಣದಿಂದ. ಸಿಡಿಯುವ ಮುನ್ನ ಆ ತಾರೆ ಹೇಗಿತ್ತೆಂದು ಹಳೆಯ ಅವಕೆಂಪು ದಾಖಲೆಗಳನ್ನು ಕೆದಕಿದಾಗ ಕಂಡದ್ದು ದೂಳು ಹೊದ್ದ ಕೆಂಪು ಮಹಾದೈತ್ಯ. ಸುಮಾರು ಸಾವಿರ ದಿನಗಳ ಲಯದಲ್ಲಿ ಅದು ಏರಿಳಿಯುತ್ತಿತ್ತು. ಹಿಂದಿನ ವರ್ಷಗಳಲ್ಲಿ ಯಾವ ದೊಡ್ಡ ಭುಗಿಲೂ ಕಾಣಲಿಲ್ಲ. ಸಿಡಿಯಲಿರುವ ತಾರೆಯೂ ಸಿಡಿಯದ ತಾರೆಯೂ ಮೇಲ್ನೋಟಕ್ಕೆ ಒಂದೇ ರೀತಿ ಮಿಡಿಯಬಲ್ಲವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಿಕ್ಕಿಲ್ಲ.

ನಂಬಬಹುದಾದ ಮುನ್ಸೂಚನೆ ಬರಬೇಕಾದರೆ ಅದು ಗರ್ಭದಿಂದಲೇ ನೇರ ಬರುವ ನ್ಯೂಟ್ರಿನೊಗಳಿಂದ ಬರಬೇಕು. 1987ರಲ್ಲಿ ದೊಡ್ಡ ಮೆಗಲನ್ ಮೋಡ ಎಂಬ ನೆರೆಯ ಗೆಲಾಕ್ಸಿಯಲ್ಲಿ ನಕ್ಷತ್ರವೊಂದು ಸಿಡಿದಾಗ, ಬೆಳಕಿಗಿಂತ ಎರಡು ಮೂರು ಗಂಟೆ ಮೊದಲೇ ಜಪಾನ್, ಅಮೆರಿಕ, ರಷ್ಯಾಗಳ ಪತ್ತೆಯಂತ್ರಗಳಲ್ಲಿ ಒಟ್ಟು ಎರಡು ಡಜನ್ನಿನಷ್ಟು ನ್ಯೂಟ್ರಿನೊಗಳು ದಾಖಲಾದವು. ಆರಿದ್ರೆ ಆ ನಕ್ಷತ್ರಕ್ಕಿಂತ ಎಷ್ಟೋ ಹತ್ತಿರವಿರುವುದರಿಂದ, ಸಿಲಿಕಾನ್ ಉರಿಯುವ ಕೊನೆಯ ಗಂಟೆಗಳ ನ್ಯೂಟ್ರಿನೊಗಳೇ ಇಂದಿನ ಯಂತ್ರಗಳಿಗೆ ಸಿಕ್ಕಾವು. ಸ್ಫೋಟದಿಂದ ನಮಗೇನಾದೀತು ಎಂಬ ಭಯಕ್ಕೆ ಹೆಚ್ಚು ಮಾತು ಬೇಡ: ಅಪಾಯದ ವಲಯ ಕೆಲವೇ ಹತ್ತು ಜ್ಯೋತಿರ್ವರ್ಷಗಳದ್ದು, ಆರಿದ್ರೆ ಅದರ ಹತ್ತು ಪಟ್ಟು ಆಚೆಗಿದೆ. ಹಗಲಿನಲ್ಲೂ ತಿಂಗಳುಗಟ್ಟಲೆ ಕಾಣಬಹುದು, ಅಷ್ಟೆ.

ಕೊನೆಯದಾಗಿ, ಎದುರು ಪಕ್ಷದ ಅತ್ಯಂತ ಗಟ್ಟಿ ವಾದ. 2023ರಲ್ಲಿ ಜಪಾನಿನ ಹಿದೆಯುಕಿ ಸಾಯೊ ಮತ್ತು ಸಂಗಡಿಗರು ಆರಿದ್ರೆಯ 2,100 ದಿನಗಳ ಲಯವೇ ಅದರ ಮೂಲ ಮಿಡಿತ ಎಂದು ವಾದಿಸಿದರು. ಹಾಗಿದ್ದರೆ ನಕ್ಷತ್ರ ನಾವಂದುಕೊಂಡದ್ದಕ್ಕಿಂತ ಬಹಳ ದೊಡ್ಡದಾಗಿರಬೇಕು, ಇಂಗಾಲದ ಹಂತದ ಕೊನೆಯ ಭಾಗದಲ್ಲಿರಬೇಕು. ಇಂಗಾಲ ಮುನ್ನೂರು ವರ್ಷಗಳೊಳಗೆ ಮುಗಿದು, ಆಮೇಲೆ ಕೆಲವೇ ದಶಕಗಳಲ್ಲಿ ಗರ್ಭ ಕುಸಿಯಬೇಕು. ಗಮನಿಸಬೇಕಾದ್ದೆಂದರೆ, ಈ ವಾದ ನಿಂತಿರುವುದು ಮಿಡಿತಗಳ ಅವಧಿಯ ಮೇಲೆ. 2019ರ ಮಂಕಿಗೂ ಅದಕ್ಕೂ ಸಂಬಂಧವಿಲ್ಲ. ಅವಧಿಯಿಂದ ಗಾತ್ರ, ಗಾತ್ರದಿಂದ ಹಂತ ಎಂಬ ಈ ತರ್ಕಸರಣಿ ಯೋಗ್ಯವಾದದ್ದೇ. ಆದರೆ ಅದು ಬೇಡುವ ಗಾತ್ರ ಸೂರ್ಯನ 1,200 ಪಟ್ಟಿಗೂ ಮಿಕ್ಕಿದ್ದು, ಆಕಾಶದಲ್ಲಿ ನೇರವಾಗಿ ಅಳೆದ ಆರಿದ್ರೆಯ ಬಿಲ್ಲೆಗೆ ಅದು ಹೊಂದುವುದಿಲ್ಲ ಎಂದು ಜಾಯ್ಸ್, ಹಂಗೆರಿಯ ಲಾಸ್ಲೊ ಮೊಲ್ನಾರ್ ಮುಂತಾದವರು ಒಡನೆಯೇ ಆಕ್ಷೇಪಿಸಿದರು. ಹಾಗಾದರೆ ಆ ಆರು ವರ್ಷದ ಲಯ ಎಲ್ಲಿಂದ ಬಂತು? 2024ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಒಂದೇ ಉತ್ತರ ಸೂಚಿಸಿದವು: ಆರಿದ್ರೆಗೊಬ್ಬ ಕಿರಿಯ ಜೊತೆಗಾರನಿದ್ದಾನೆ, ಅವನು ಸುತ್ತು ಹಾಕುವ ಅವಧಿಯೇ ಆ ಲಯ. 2025ರ ಜುಲೈಯಲ್ಲಿ, ಹವಾಯಿಯ ಜೆಮಿನೈ ನಾರ್ತ್ ದೂರದರ್ಶಕದಿಂದ ಸ್ಟೀವ್ ಹೊವೆಲ್ ತಂಡ ಊಹಿಸಿದ ಜಾಗದಲ್ಲೇ ಮಸುಕಾದ ನೀಲಿ ಚುಕ್ಕೆಯೊಂದನ್ನು ಕಂಡದ್ದಾಗಿ ಪ್ರಕಟಿಸಿತು. ಸಂಕೇತ ದುರ್ಬಲವಾಗಿತ್ತು, ಒಂದೇ ಸಲ ಕಂಡದ್ದನ್ನು ಪುರಾವೆ ಎನ್ನುವುದು ಆತುರವಾದೀತು. ಜೊತೆಗಾರ ಮತ್ತೆ ಆರಿದ್ರೆಯ ಪ್ರಭೆಯಿಂದ ಸಾಧ್ಯವಾದಷ್ಟು ಪಕ್ಕಕ್ಕೆ ಸರಿಯುವುದು 2027ರ ನವೆಂಬರಿನಲ್ಲಿ. ಆಗಲೂ ಅವನು ಕಂಡರೆ 2,100 ದಿನಗಳ ಲಯ ನಕ್ಷತ್ರದ ಮಿಡಿತವಲ್ಲ ಎಂದಾಗುತ್ತದೆ, ‘ಕೆಲವು ನೂರು ವರ್ಷ’ದ ಲೆಕ್ಕ ತನ್ನ ಆಧಾರವನ್ನೇ ಕಳೆದುಕೊಳ್ಳುತ್ತದೆ, ಕಾಣದಿದ್ದರೆ ಸಾಯೊ ತಂಡದ ಪ್ರಶ್ನೆಗೆ ಬೇರೆ ಉತ್ತರ ಹುಡುಕಬೇಕಾಗುತ್ತದೆ.